ಮ್ಯಾಡಿಸನ್ನಿಗೆ ಬರುತ್ತಿರುವ ಕನ್ನಡಿಗರಿಗೆ

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಓದಲೆಂದೋ ಪಕ್ಕದ ವೆರೋನಾದಲ್ಲಿ ಆಸ್ಪತ್ರೆಗಳ ತಂತ್ರಾಂಶ ತಯಾರಿಸುವ ಎಪಿಕ್ ಕಂಪನಿಯ ಕೆಲಸಕ್ಕೆಂದೋ ಮ್ಯಾಡಿಸನ್ನಿಗೆ ಬರುವ ನಮ್ಮವರು ಮೊದಲು ಕೇಳುವುದು ಚಳಿಯ ವಿಚಾರವನ್ನು. ಅದಕ್ಕೂ ಮೊದಲು ಕೇಳಬೇಕಾದದ್ದು ಬಾಡಿಗೆ ಕರಾರಿನ ತಾರೀಖನ್ನು.

ಮೆಂಡೋಟಾ ಮತ್ತು ಮೊನೋನಾ ಸರೋವರಗಳ ನಡುವಿನ ಕಿರಿದಾದ ನೆಲದ ಮೇಲೆ ಹಳೆಯ ಊರು ನಿಂತಿದೆ. ಅಲ್ಲಿಯ ಬಹಳಷ್ಟು ವಿದ್ಯಾರ್ಥಿ ಮನೆಗಳ ಕರಾರು ಆಗಸ್ಟ್ 14ರಂದು ಮುಗಿದು, ಹೊಸ ಕರಾರು 15ರಂದು ಆರಂಭವಾಗುವುದರಿಂದ, ನಡುವಿನ ಒಂದು ರಾತ್ರಿ ಎಷ್ಟೋ ಮಂದಿಗೆ ಸೂರೇ ಇರುವುದಿಲ್ಲ. ಅತ್ತ ಭಾರತದಲ್ಲಿ ಧ್ವಜಾರೋಹಣ ನಡೆಯುತ್ತಿದ್ದ ಹೊತ್ತಿನಲ್ಲಿ ನಾವು ಅಕ್ಕಿಯ ಚೀಲ, ಕುಕ್ಕರು, ದೇವರ ಪಟಗಳನ್ನು ಗೆಳೆಯನ ಕಾರಿನ ಡಿಕ್ಕಿಯಲ್ಲಿ ತುಂಬಿ, ಅವನ ಹಜಾರದಲ್ಲಿ ಮಲಗಲು ಜಾಗ ಹುಡುಕುತ್ತಿದ್ದೆವು. ಆ ದಿನಗಳಲ್ಲಿ ರಸ್ತೆಬದಿಯಲ್ಲಿ ಬಿಟ್ಟುಹೋದ ಮೇಜು, ಕುರ್ಚಿಗಳನ್ನು ಸಂಕೋಚವಿಲ್ಲದೆ ತಂದುಕೊಳ್ಳಬಹುದು. ಹಾಸಿಗೆಯನ್ನು ಮಾತ್ರ ಮುಟ್ಟಬೇಡಿ, ಒಮ್ಮೆ ಒಳಹೊಕ್ಕ ತಿಗಣೆ ಸುಲಭಕ್ಕೆ ಹೋಗುವುದಿಲ್ಲ.

ಕಾರನ್ನು ರಸ್ತೆಯಲ್ಲಿ ನಿಲ್ಲಿಸುವವರು ಇನ್ನೊಂದು ಲೆಕ್ಕವನ್ನೂ ಕಲಿಯಬೇಕು. ನವೆಂಬರ್ 15ರಿಂದ ಮಾರ್ಚ್ 15ರವರೆಗೆ, ಹಿಮ ಬೀಳಲಿ ಬೀಳದಿರಲಿ, ಹೆಚ್ಚಿನ ಬಡಾವಣೆಗಳಲ್ಲಿ ರಾತ್ರಿ 1ರಿಂದ ಬೆಳಗ್ಗೆ 7ರವರೆಗೆ ಸಮ ತಾರೀಖಿನಂದು ಸಮಸಂಖ್ಯೆಯ ಮನೆಗಳ ಬದಿಯಲ್ಲಿ, ಬೆಸ ತಾರೀಖಿನಂದು ಬೆಸಸಂಖ್ಯೆಯ ಬದಿಯಲ್ಲಿ ಕಾರು ನಿಲ್ಲಿಸತಕ್ಕದ್ದು. ಮಲಗುವ ಮುನ್ನ ನೋಡಬೇಕಾದದ್ದು ಮರುದಿನದ ತಾರೀಖನ್ನು. ಇದನ್ನು ಮರೆತು ನಾನು ಮೊದಲ ಚಳಿಗಾಲದಲ್ಲಿ ಎರಡು ಬಾರಿ ದಂಡ ತೆತ್ತಿದ್ದೇನೆ. ಸ್ವಂತ ಮನೆಯವರು ಹಿಮ ನಿಂತ ಮರುದಿನ ಮಧ್ಯಾಹ್ನದೊಳಗೆ ಮನೆಯೆದುರಿನ ಕಾಲುದಾರಿಯನ್ನೂ ತೆರವುಗೊಳಿಸಬೇಕು.

ಹೆಪ್ಪುಗಟ್ಟಿದ ಮೆಂಡೋಟಾದ ಮೇಲೆ ಜನ ಕುಳಿತು ಮೀನು ಹಿಡಿಯುವುದನ್ನು ಕಂಡು ನೀವೂ ಧೈರ್ಯದಿಂದ ಇಳಿಯಬೇಡಿ. ಕನಿಷ್ಠ ನಾಲ್ಕು ಅಂಗುಲ ಗಟ್ಟಿ ಮಂಜುಗಡ್ಡೆ ಬೇಕು. ಯಹಾರಾ ನದಿ ಸೇರುವೆಡೆ ಅದು ತೆಳುವಾಗಿರುತ್ತದೆ. ಮೊದಲ ವರ್ಷ ತಿಳಿದವರೊಡನೆ ಮಾತ್ರ ಹೋಗಿ.

ದೇವಸ್ಥಾನಕ್ಕೆಂದು ಷಿಕಾಗೋ ಬಳಿಯ ಅರೋರಾದ ಬಾಲಾಜಿ ಮಂದಿರಕ್ಕೆ ಹೋಗುವವರೂ ಇದ್ದಾರೆ. ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ತರಕಾರಿಗೆ ಮಾತ್ರ ದೂರ ಹೋಗಬೇಕಿಲ್ಲ. ಏಪ್ರಿಲ್‌ನಲ್ಲಿ ರಾಜ್ಯ ಶಾಸನಸಭೆಯ ಕಟ್ಟಡದ ಸುತ್ತ ಶನಿವಾರದ ರೈತರ ಸಂತೆ ಮರಳುತ್ತದೆ. ಬೇಸಿಗೆ ಏರಿದಂತೆ ಆಗ್ನೇಯ ಏಷ್ಯಾ ಮೂಲದ ಹ್ಮಾಂಗ್ ರೈತರ ಮೇಜುಗಳಲ್ಲಿ ಹಾಗಲಕಾಯಿಯೂ ಖಾರದ ಮೆಣಸಿನಕಾಯಿಯೂ ಸಿಗುತ್ತವೆ. ಅಲ್ಲಿ ಎಲ್ಲರೂ ಕಟ್ಟಡವನ್ನು ಎಡಕ್ಕಿಟ್ಟುಕೊಂಡು, ಅಂದರೆ ಅಪ್ರದಕ್ಷಿಣೆಯಾಗಿ ನಡೆಯುತ್ತಾರೆ. ಅಭ್ಯಾಸಬಲದಿಂದ ನೀವು ಪ್ರದಕ್ಷಿಣೆ ಹೊರಟರೆ ಇಡೀ ಸಂತೆಯೇ ನಿಮ್ಮ ಎದುರಿಗೆ ಬರುತ್ತದೆ.