ಗೋಡೆ ಕಪಾಟಿನ ಖರ್ಚು: ಮುಂಗಡಕ್ಕೆ ಮೊದಲು ಲೆಕ್ಕ

ಬಳ್ಳಾರಿ, ರಾಯಚೂರು ಕಡೆ ಬಡಗಿಗಳು ಕಪಾಟಿಗೆ ಮುಂಭಾಗದ ಚದರಡಿ ಲೆಕ್ಕದಲ್ಲಿ ದರ ಹೇಳುತ್ತಾರೆ. 6 ಅಡಿ ಅಗಲ, 7 ಅಡಿ ಎತ್ತರವಾದರೆ 42 ಚದರಡಿ. ದರ 1,400 ರೂಪಾಯಿ ಎಂದಿಟ್ಟುಕೊಂಡರೆ 58,800. ಆ ದರದೊಳಗೆ ಡ್ರಾಯರ್, ಅಟ್ಟದ ಬಾಗಿಲು, ಒಳಗಿನ ಲ್ಯಾಮಿನೇಟ್ (ಪ್ಲೈವುಡ್ ಮೇಲೆ ಅಂಟಿಸುವ ಹಾಳೆ) ಸೇರಿವೆಯೇ ಎಂದು ಬರೆಸಿಕೊಳ್ಳಿ. ಜಗಳ ಹುಟ್ಟುವುದೇ ಅಲ್ಲಿ.

ಸಾಮಾನು ನೀವೇ ತರುವುದಾದರೆ, 2 ಅಡಿ ಆಳದ ಇದೇ ಕಪಾಟಿಗೆ 8×4 ಅಡಿಯ 18 ಮಿ.ಮೀ. ಪ್ಲೈವುಡ್ 5ರಿಂದ 6 ಹಾಳೆ, ಹಿಂಬದಿಗೆ 6 ಮಿ.ಮೀ.ನ 2 ಹಾಳೆ, ಬಾಗಿಲ ಹೊರಮೈಗೆ 1 ಮಿ.ಮೀ. ಲ್ಯಾಮಿನೇಟ್ 2 ಹಾಳೆ ಬೇಕು. ಒಳಮೈ ಪೂರ್ತಿ ಮುಚ್ಚಲು ತೆಳು ಲ್ಯಾಮಿನೇಟ್ ಸುಮಾರು 8 ಹಾಳೆ ಹಿಡಿಯುತ್ತದೆ. ಅಂದಾಜಿನಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಇದೇ. 7 ಅಡಿ ಬಾಗಿಲಿಗೆ ತಲಾ 4 ಹಿಂಜ್. ಮೂರಕ್ಕೇ ಮುಗಿಸಿದರೆ ಬಾಗಿಲು ಜೋಲುತ್ತದೆ.

ಮಲಗುವ ಕೋಣೆಗೆ ಐಎಸ್ 303 ಗುರುತಿನ (ಸಾಮಾನ್ಯ ಬಳಕೆಯ ಭಾರತೀಯ ಮಾನದಂಡ) ಪ್ಲೈ ಸಾಕು. ಬಚ್ಚಲಿಗೆ ತಾಗಿದ ಗೋಡೆಗೂ ಅಡುಗೆಮನೆ ಸಿಂಕಿನ ಕೆಳಗೂ ನೀರು ತಡೆಯುವ ಮರೀನ್ ಪ್ಲೈ, ಅಂದರೆ ಐಎಸ್ 710 ಹಾಕಿಸಿ. ಗೆದ್ದಲಿರುವ ಮನೆಯಲ್ಲಿ ಮೊದಲು ಗೋಡೆಯ ಬುಡಕ್ಕೆ ಔಷಧಿ, ಆಮೇಲೆ ಕಪಾಟು. ಹಸಿ ಗಾರೆಯ ಗೋಡೆಗೆ ತಾಗಿಸಿದರೆ ಹಿಂಬದಿಗೆ ಬೂಸ್ಟು ಹಿಡಿಯುತ್ತದೆ.

ಗೋಡೆಯಲ್ಲಿ ಆಗಲೇ ಕಡಪ ಕಲ್ಲಿನ ಶೆಲ್ಫ್ ಇದ್ದರೆ ಪೆಟ್ಟಿಗೆ ಕಟ್ಟಿಸಬೇಡಿ. ಮುಂದೆ ಚೌಕಟ್ಟು, ಬಾಗಿಲು ಸಾಕು, ಪ್ಲೈ ಅರ್ಧಕ್ಕಿಂತ ಕಡಿಮೆ ಸಾಲುತ್ತದೆ. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರೂ ಕಡೆ ಅಳೆದು, ಕಡಿಮೆ ಬಂದದ್ದಕ್ಕೆ ಚೌಕಟ್ಟು ಕೊಯ್ಯಿಸಿ.