ಅಟ್ಟದ ಮೇಲಿನ ಡಬ್ಬಿಯೂ ನಮ್ಮ 1020 ಪ್ರಿಂಟರೂ

ನಮ್ಮದು ಉಡುಪಿಯಲ್ಲಿ ಸಣ್ಣ ಡಿಟಿಪಿ ಅಂಗಡಿ. ಕೋಲದ ಆಮಂತ್ರಣ, ಬ್ರಹ್ಮಕಲಶದ ಹ್ಯಾಂಡ್‌ಬಿಲ್, ಮಣಿಪಾಲದ ಮಕ್ಕಳ ಪ್ರಾಜೆಕ್ಟ್ ರಿಪೋರ್ಟ್, ಹೀಗೆ. ಇರುವುದು ನಾಲ್ಕು ಕಂಪ್ಯೂಟರ್: ಎರಡು ವಿಂಡೋಸ್ 10, ಒಂದು ಲಿನಕ್ಸ್ ಮಿಂಟ್, ಮೂಲೆಯಲ್ಲಿ ಒಂದು ಎಕ್ಸ್‌ಪಿ. ಇನ್ನೂ ಎಕ್ಸ್‌ಪಿ ಯಾಕೆ ಅಂತ ಈ ಕಸುಬಿನವರು ಕೇಳುವುದಿಲ್ಲ. ಹದಿನೈದು ವರ್ಷದ ಪೇಜ್‌ಮೇಕರ್ ಫೈಲು, ಹಳೇ ನುಡಿ ಫಾಂಟು, ಎಲ್ಲ ಅದರಲ್ಲೇ.

2021ರ ತನಕ ನಮ್ಮ ಪ್ರಿಂಟರ್, ಎಚ್‌ಪಿ ಲೇಸರ್‌ಜೆಟ್ 1020, ವಿಂಡೋಸ್‌ನಿಂದಲೇ ಶೇರ್ ಆಗಿತ್ತು. ಆ ಸೆಪ್ಟೆಂಬರ್‌ನ ಅಪ್‌ಡೇಟ್ ನಿಮಗೂ ನೆನಪಿರಬೇಕು. ಬೆಳಿಗ್ಗೆ ಬಾಗಿಲು ತೆಗೆದು ಪ್ರಿಂಟ್ ಕೊಟ್ಟರೆ 11ಬಿ ಎರರ್. ರಿಜಿಸ್ಟ್ರಿಯಲ್ಲಿ ಸೊನ್ನೆ ಹಾಕಿದೆ, ಸರಿಯಾಯ್ತು. ಸ್ವಲ್ಪ ದಿನಕ್ಕೆ ಮತ್ತೆ ಹೋಯ್ತು. ಸಿಟ್ಟಿನಲ್ಲಿ ಸುಮಾರು 2,200 ಕೊಟ್ಟು ಯುಎಸ್‌ಬಿ ಪ್ರಿಂಟ್ ಸರ್ವರ್ ಡಬ್ಬಿ ತಂದೆ. ದಂಡ. 1020ಕ್ಕೆ ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರಿನಿಂದ ಫರ್ಮ್‌ವೇರ್, ಅಂದರೆ ಅದರೊಳಗೆ ಓಡುವ ಪುಟ್ಟ ಪ್ರೋಗ್ರಾಮ್, ಹೋಗಬೇಕು, ಆ ಡಬ್ಬಿಗೆ ಅದು ಎಲ್ಲಿ ಗೊತ್ತು? ಈಗಲೂ ಡ್ರಾಯರಿನಲ್ಲಿದೆ, ಬೇಕಾದವರು ಒಯ್ಯಬಹುದು.

ಒಬ್ಬರು ನ್ಯಾಸ್ (ಎಲ್ಲರ ಫೈಲು ಒಂದೇ ಕಡೆ ಇಡುವ ನೆಟ್‌ವರ್ಕ್ ಡಬ್ಬಿ) ಹಾಕಿಸಿ ಅಂತ 28 ಸಾವಿರದ ಕೊಟೇಶನ್ ಕೊಟ್ಟರು. ಹಳೇ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ ನಾನೇ ಮಾಡ್ತೇನೆ ಅಂದೆ. ಸಿಸ್ಟಮ್ ರಿಪೇರಿ ಮಾಡುವ ಭಾವ ನಕ್ಕರು: "ಅಂಗಡಿಗೆಲ್ಲ ಲಿನಕ್ಸ್ ಆಗ್ಲಿಕ್ಕಿಲ್ಲ ಮಾರಾಯ. ಸೀಸನ್‌ನಲ್ಲಿ ಕೈ ಕೊಟ್ರೆ ಎಂತ ಮಾಡ್ತಿ?"

ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್ 4,500, ಎಸ್‌ಎಸ್‌ಡಿ 1,700ರ ಹತ್ತಿರ, ಇನ್ನೊಂದು ಲ್ಯಾನ್ ಕಾರ್ಡಿಗೆ ಮುನ್ನೂರು ಚಿಲ್ಲರೆ. ಡೆಬಿಯನ್ ಲಿನಕ್ಸ್ ಹಾಕಿ, ವಿಂಡೋಸ್ ಜೊತೆ ಫೈಲು ಹಂಚಿಕೊಳ್ಳುವ ಸಾಂಬಾ ಪ್ರೋಗ್ರಾಮ್ ಏರಿಸಿ, ಅಟ್ಟದ ಮೇಲಿಟ್ಟೆ. ಅಂಗಡಿಯ ಹುಡುಗ ಅದರ ಮೇಲೆ 'ಸಾಂಬ ಸದಾಶಿವ' ಅಂತ ಸ್ಟಿಕ್ಕರ್ ಅಂಟಿಸಿದ.

ಮೊದಲ ದಿನ ವಿಂಡೋಸ್ 10ರ ನೆಟ್‌ವರ್ಕ್‌ನಲ್ಲಿ ಅಟ್ಟದ ಡಬ್ಬಿ ಕಾಣಲೇ ಇಲ್ಲ. ಕೇಬಲ್ಲೇ ಹೋಗಿದೆ ಅಂತ ಅರ್ಧ ದಿನ ಪ್ಲಗ್ಗು ಬದಲಿಸಿದೆ. ನಮ್ಮ ಕಡಲ ಗಾಳಿಗೆ ಪ್ಲಗ್ಗಿನ ತಾಮ್ರ ಹಸಿರು ಕಟ್ಟಿತ್ತು, ಹಾಗಾಗಿ ಅನುಮಾನ. ಆದರೆ ಕಾರಣ ಅದಲ್ಲ. ವಿಂಡೋಸ್ ಫೈಲು ಹಂಚುವ ಹಳೇ ಪದ್ಧತಿ ಎಸ್‌ಎಂಬಿ 1, ಅದರ ಜೊತೆಗೆ ಉಳಿದ ಕಂಪ್ಯೂಟರ್ ತೋರಿಸುವ ಹಳೇ ಬ್ರೌಸಿಂಗೂ ಹೋಗಿದೆ, ಬದಲಿಗೆ ಡಬ್ಲ್ಯುಎಸ್‌ಡಿಡಿ ಅನ್ನುವ ಪ್ರೋಗ್ರಾಮ್ ಹಾಕಬೇಕು. ಹಾಕಿದ ಮೇಲೆ ಒಂದೇ ನಿಮಿಷಕ್ಕೆ ಕಂಡಿತು.

ನಿಜವಾಗಿ ಕಾಡಿದ್ದು ಎಕ್ಸ್‌ಪಿ. ಅದಕ್ಕೆ ಗೊತ್ತಿರುವುದು ಎಸ್‌ಎಂಬಿ 1 ಮಾತ್ರ, ಸಾಂಬಾ 4.11ರಿಂದ ಅದು ಮುಚ್ಚಿಯೇ ಬರುತ್ತದೆ. ಅದನ್ನು (ಸಾಂಬಾದಲ್ಲಿ ಹೆಸರು ಎನ್‌ಟಿ1) ತೆರೆದರೂ ಪಾಸ್‌ವರ್ಡ್ ತಪ್ಪು ಅನ್ನುತ್ತಿತ್ತು, ಪಾಸ್‌ವರ್ಡ್ ಪರೀಕ್ಷಿಸುವ ಹಳೇ ಎನ್‌ಟಿಎಲ್‌ಎಂ ವಿಧಾನಕ್ಕೂ ಅನುಮತಿ ಕೊಡಬೇಕಿತ್ತು. ಎರಡು ರಾತ್ರಿ ಹೋಯ್ತು. ಆಮೇಲೆ ಹೆದರಿಕೆ ಆಯ್ತು. 2017ರಲ್ಲಿ ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ಹರಡಿದ್ದು ಇದೇ ಬಾಗಿಲಿನಿಂದ ಅಲ್ವಾ? ಅದಕ್ಕೆ ಎಕ್ಸ್‌ಪಿಯನ್ನು ಎರಡನೇ ಲ್ಯಾನ್ ಕಾರ್ಡಿಗೆ ಹಾಕಿ, ಆ ಕಾರ್ಡಿಗೆ ಮಾತ್ರ ಬೇರೆ ಸಾಂಬಾ ಓಡಿಸಿದೆ. ಅದಕ್ಕೆ ಇಂಟರ್ನೆಟ್ ಇಲ್ಲ. ಒಂದೇ ಡಬ್ಬಿಯಲ್ಲಿ ಎರಡು ಸಾಂಬಾ ಜಗಳ ಆಡದಂತೆ ನಿಲ್ಲಿಸಿದ್ದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಅಷ್ಟಾದರೂ ನನ್ನದಾಗಿರಲಿ.

ಪ್ರಿಂಟರಿಗೆ ಸಾಂಬಾ ಬಿಟ್ಟೇಬಿಟ್ಟೆ. ಲಿನಕ್ಸ್‌ನಲ್ಲಿ ಪ್ರಿಂಟ್ ನೋಡಿಕೊಳ್ಳುವುದು ಕಪ್ಸ್, ಅದರ 631 ಪೋರ್ಟಿನ ವಿಳಾಸವನ್ನೇ ವಿಂಡೋಸಿಗೆ ಕೊಟ್ಟು, ಡ್ರೈವರ್ ಕೇಳಿದಾಗ ಜೆನೆರಿಕ್ ಪಟ್ಟಿಯ 'ಎಂಎಸ್ ಪಬ್ಲಿಷರ್ ಇಮೇಜ್‌ಸೆಟ್ಟರ್' ಆರಿಸಿದೆ. ವಿಂಡೋಸ್ ಬರೀ ಪೋಸ್ಟ್‌ಸ್ಕ್ರಿಪ್ಟ್ ಅನ್ನುವ ಸಾಮಾನ್ಯ ಪ್ರಿಂಟ್ ಭಾಷೆಯಲ್ಲಿ ಕಳಿಸುತ್ತದೆ, 1020ರ ಭಾಷೆಗೆ ತಿರುಗಿಸುವುದು ಲಿನಕ್ಸ್. ಸ್ವಿಚ್ ಒತ್ತಿದ ಕೂಡಲೇ ಫರ್ಮ್‌ವೇರ್ ಉಣಿಸುವುದೂ ಅದೇ. ಹೊಸ ಕಂಪ್ಯೂಟರ್ ಬಂದರೆ ಡ್ರೈವರ್ ಹುಡುಕುವ ಕೆಲಸವೇ ಇಲ್ಲ.

ಖುಷಿಯಲ್ಲಿ ಒಂದು ಭಜನಾ ಮಂದಿರದವರ ಆಮಂತ್ರಣ ಇನ್ನೂರು ಹೊಡೆಸಿದೆ. ಹುಡುಗ ಒಂದನ್ನು ಬೆಳಕಿಗೆ ಹಿಡಿದು, "ಅಣ್ಣಾ, ಅನ್ನಸಂತರ್ಪಣೆ ಎಲ್ಲಿ?" ಅಂದ. ಕೊನೇ ಸಾಲು ಅರ್ಧಕ್ಕೆ ಕತ್ತರಿಸಿಹೋಗಿತ್ತು. ಕಪ್ಸ್‌ನ ಸೆಟ್ಟಿಂಗಿನಲ್ಲಿ ಕಾಗದದ ಅಳತೆ ಅಮೆರಿಕದ 'ಲೆಟರ್' ಅಂತಲೇ ಉಳಿದಿತ್ತು. ಲೆಟರಿನ ಉದ್ದ 279 ಮಿಲಿಮೀಟರ್, ಎ4 297. ಆ 18 ಮಿಲಿಮೀಟರಿಗೆ ಇನ್ನೂರು ದಪ್ಪ ಕಾಗದ ಹೋಯ್ತು, ಆರೇಳುನೂರು ರೂಪಾಯಿ. ಭಾವನಿಗೆ ಹೇಳಲಿಲ್ಲ.

ಇನ್ನೊಂದು ತಮಾಷೆ. ಮಿಂಟ್‌ನಲ್ಲಿ ಕೂರುವ ಹುಡುಗಿ ಫೈಲ್ ಹೆಸರಿನಲ್ಲಿ ಕೋಲನ್ ಹಾಕುತ್ತಾಳೆ. ವಿಂಡೋಸಿಗೆ ಅದು ಆಗುವುದಿಲ್ಲ, ಹಾಗಾಗಿ ಸಾಂಬಾ ಅಲ್ಲಿಗೆ ಯಾವುದೋ ಗಜಿಬಿಜಿ ಹೆಸರು ತೋರಿಸುತ್ತದೆ. ಒಂದು ದಿನ ಇಡೀ ವೈರಸ್ ಅಂತ ಹುಡುಕಿದೆವು. ಇಂಥ ಅಕ್ಷರ ಬದಲಿಸಿ ತೋರಿಸುವ ಸಾಂಬಾದ 'ಕೇಟಿಯಾ' ಮಾಡ್ಯೂಲ್ ಹಾಕಿ ನೋಡಿದೆ, ಆಗುತ್ತದೆ. ಆದರೆ ಕೋಲನ್ ಹಾಕಬೇಡ ಮಾರಾಯ್ತಿ ಅಂತ ಹೇಳಿದ್ದು ಹೆಚ್ಚು ಸುಲಭವಾಯ್ತು.

ಈಗ ಮೂರು ಸೀಸನ್ ಆಯ್ತು. ಮೇ ತಿಂಗಳ ಗುಡುಗಿಗೆ ಒಂದು ನೆಟ್‌ವರ್ಕ್ ಸ್ವಿಚ್ ಸುಟ್ಟದ್ದು ಬಿಟ್ಟರೆ ಡಬ್ಬಿ ನಿಂತಿಲ್ಲ. ಕಳೆದ ತಿಂಗಳು ಭಾವನೇ ಫೋನ್ ಮಾಡಿ, ಅವರ ಗಿರಾಕಿಯೊಬ್ಬರಿಗೆ ಇಂಥದ್ದೇ ಬೇಕಂತೆ, ಎಷ್ಟಾದೀತು ಅಂತ ಕೇಳಿದರು. 12 ಸಾವಿರ ಅಂದೆ. ಕಲರ್ ಇಂಕ್‌ಜೆಟ್ ಮಾತ್ರ ಇನ್ನೂ ವಿಂಡೋಸಿಗೇ ಸಿಕ್ಕಿಸಿದ್ದೇನೆ. ಲಿನಕ್ಸ್‌ನಿಂದ ಕೊಟ್ಟರೆ ಕುಂಕುಮದ ಕೆಂಪು ಇಟ್ಟಿಗೆ ಬಣ್ಣ ಬರುತ್ತದೆ.