ಲೇಯರ್ ಕೇಕ್ ಕಾರಲ್ಲಿ ಒಯ್ಯುವವರಿಗೆ

ಎಲ್ಲಕ್ಕಿಂತ ಮುಖ್ಯ, ಕೇಕ್ ಚೆನ್ನಾಗಿ ತಣ್ಣಗಿರಬೇಕು. ರಾತ್ರಿಯಿಡೀ ಫ್ರಿಜ್‌ನಲ್ಲಿದ್ದರೆ ಬಟರ್‌ಕ್ರೀಮ್‌ನಲ್ಲಿರುವ ಬೆಣ್ಣೆ ಗಟ್ಟಿಯಾಗಿ ಪದರಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಆಮೇಲೆ ಸಣ್ಣಪುಟ್ಟ ಕುಲುಕಾಟಕ್ಕೆ ಅವು ಜಾರುವುದಿಲ್ಲ. ಕೇಕ್ ಎತ್ತರ ಜಾಸ್ತಿ ಇದ್ದರೆ ನಡುವೆ ಬುಡದವರೆಗೆ ಒಂದು ಶುಚಿಯಾದ ಮರದ ಕಡ್ಡಿ ಚುಚ್ಚಿ. ಕತ್ತರಿಸುವವರಿಗೆ ಅದನ್ನು ಹೇಳಲು ಮರೆಯಬೇಡಿ!

ಡಬ್ಬ ಕೇಕ್ ಬೋರ್ಡಿನ (ಕೇಕ್ ಕೆಳಗಿನ ಗಟ್ಟಿ ಹಲಗೆಯ) ಅಳತೆಗೆ ಸರಿಯಾಗಿರಲಿ, ಸಡಿಲವಾದರೆ ಒಳಗೇ ಜಾರಿ ಒಂದು ಬದಿ ನೆಗ್ಗುತ್ತದೆ.

ದಯವಿಟ್ಟು ಸೀಟಿನ ಮೇಲೆ ಇಡಬೇಡಿ. ಸೀಟು ಹಿಂದಕ್ಕೆ ಇಳಿಜಾರಾಗಿರುತ್ತದೆ ಅಲ್ವಾ, ಕೇಕೂ ಹಾಗೇ ವಾಲುತ್ತದೆ. ತೊಡೆಯ ಮೇಲೂ ಬೇಡ, ಮೈ ಬಿಸಿ ತಾಗುತ್ತದೆ, ಬ್ರೇಕ್ ಹಾಕಿದಾಗ ಕೈ ತಾನಾಗಿ ಡಬ್ಬವನ್ನು ಒತ್ತಿಬಿಡುತ್ತದೆ. ಮುಂದಿನ ಸೀಟಿನ ಕೆಳಗೆ ಕಾಲಿಡುವ ಜಾಗ ಸಮತಟ್ಟಾಗಿದ್ದರೆ ನನ್ನ ಪ್ರಕಾರ ಅದೇ ಒಳ್ಳೆಯದು. ಡಬ್ಬದ ಕೆಳಗೆ ಜಾರದ ರಬ್ಬರ್ ಮ್ಯಾಟ್ ಹಾಸಿ, ಹೊರಡುವ ಮೊದಲೇ ಎಸಿ ಹಾಕಿ ಕಾರು ತಣ್ಣಗಾಗಲು ಬಿಡಿ. ಮುಚ್ಚಿದ ಡಿಕ್ಕಿಗೆ ಎಸಿ ಗಾಳಿ ಹೋಗುವುದಿಲ್ಲ, ಬಿಸಿಲಲ್ಲಿ ಕ್ರೀಮ್ ಬೇಗ ಮೆತ್ತಗಾಗುತ್ತದೆ.

ಹಣ್ಣು, ಹೂವು, ತೆಳ್ಳನೆಯ ಚಾಕೊಲೇಟ್ ಅಲಂಕಾರವನ್ನೆಲ್ಲ ತಲುಪಿದ ಮೇಲೆ ಜೋಡಿಸಿ. ಉಳಿದ ಕ್ರೀಮನ್ನು ಪೈಪಿಂಗ್ ಬ್ಯಾಗ್‌ನಲ್ಲಿ (ಕ್ರೀಮ್ ಒತ್ತಿ ಹಾಕುವ ಚೀಲದಲ್ಲಿ) ತುಂಬಿ, ಒಂದು ಚಪ್ಪಟೆ ಚಾಕುವಿನ ಜೊತೆ ಇಟ್ಟುಕೊಳ್ಳಿ, ಅಂಚು ಸ್ವಲ್ಪ ಕಿತ್ತುಹೋದರೂ ಅಲ್ಲೇ ಸರಿಮಾಡಬಹುದು.